ಹಳೆಯ ನೀಲಿ ಅಚ್ಚು, ಹೊಸ ಪ್ರಿಂಟರ್

ಮೊಬೈಲ್ ಬಂದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಫೋಟೋ ಸ್ಟುಡಿಯೋಗಳ ವ್ಯಾಪಾರ ಸೊರಗಿದೆ. ಡಾರ್ಕ್‌ರೂಮ್ ಮುಚ್ಚಿದ ಈ ಅಂಗಡಿಗಳಿಗೆ ಹಳೆಯ ರಸಾಯನವೇ ಹೊಸ ಗಿರಾಕಿಯನ್ನು ತರಬಲ್ಲದೆಂಬುದು ನಮ್ಮ ಅಭಿಪ್ರಾಯ.

1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ವಿಧಾನಕ್ಕೆ ಬೆಳ್ಳಿಯ ಲವಣ ಬೇಕಿಲ್ಲ. ಫೆರಿಕ್ ಅಮೋನಿಯಂ ಸಿಟ್ರೇಟ್ ಹಾಗೂ ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಬೆರೆಸಿ ಕಾಗದಕ್ಕೋ ಹತ್ತಿಬಟ್ಟೆಗೋ ಸವರಿ, ಕತ್ತಲಲ್ಲಿ ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆದರೆ ನೀಲಿ ಚಿತ್ರ ಮೂಡುತ್ತದೆ. ಎಂಜಿನಿಯರರ ಬ್ಲೂಪ್ರಿಂಟ್ ಹುಟ್ಟಿದ್ದೂ ಇದರಿಂದಲೇ. ಚಿತ್ರದಷ್ಟೇ ಅಳತೆಯ ನೆಗೆಟಿವ್ ಒದಗಿಸುವುದು ಹಿಂದಿನ ತೊಡಕಾಗಿತ್ತು; ಈಗ ಇಂಕ್‌ಜೆಟ್ ಪ್ರಿಂಟರೇ ಅದನ್ನು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿಕೊಡುತ್ತದೆ.

ಕಿತ್ತೂರು ಉತ್ಸವಕ್ಕೂ ಯಲ್ಲಮ್ಮನ ಗುಡ್ಡದ ಜಾತ್ರೆಗೂ ಬರುವ ಜನರಿಗೆ ಕೈಯಿಂದ ತಯಾರಿಸಿದ ಕೋಟೆಯ ಚಿತ್ರವು ಒಳ್ಳೆಯ ನೆನಪಿನ ಕಾಣಿಕೆಯಾದೀತು. ರಾಮದುರ್ಗದ ನೇಕಾರರೂ ಇದರಲ್ಲಿ ಪಾಲುದಾರರಾಗಬಹುದು.

ಆದರೆ ಸಾಬೂನು, ಸೋಡಾ ತಗುಲಿದರೆ ನೀಲಿ ಮಾಸುತ್ತದೆ. ಆದ್ದರಿಂದ ಉಡುವ ಬಟ್ಟೆಗಿಂತ ಗೋಡೆಗೆ ತೂಗುವ ಚಿತ್ರಗಳೇ ಲೇಸು. ಇದನ್ನು ಗಿರಾಕಿಗೆ ಮೊದಲೇ ತಿಳಿಸತಕ್ಕದ್ದು. ಫೆರಿಸಯನೈಡನ್ನು ಆಮ್ಲ ಮತ್ತು ಬೆಂಕಿಯಿಂದ ದೂರವಿಡುವುದು ಅಗತ್ಯ.

ನಾಲ್ಕೂ ಊರಿನ ಸ್ಟುಡಿಯೋ ಮಾಲೀಕರು ಕೂಡಿ ರಸಾಯನ ತರಿಸಿ, ಒಂದು ಜಾತ್ರೆಯ ಮಟ್ಟಿಗಾದರೂ ಪ್ರಯೋಗಿಸಿ ನೋಡಲಿ. ಪ್ರಿಂಟರ್ ಅಂಗಡಿಯಲ್ಲಿದೆ, ಬಿಸಿಲಿಗೆ ಬಾಡಿಗೆಯಿಲ್ಲ.