ರೈಲು ಹೋಗದ ಫೋನ್ಸವಾನ್

2021ರ ಡಿಸೆಂಬರಿನಲ್ಲಿ ರೈಲು ಶುರುವಾದ ಮೇಲೆ ಲಾವೋಸ್ ಪ್ರವಾಸವೆಂದರೆ ಹಳಿ ಹೋದಷ್ಟು ದೂರ ಎಂಬಂತಾಗಿದೆ. ವಿಯೆಂಟಿಯಾನ್, ವಾಂಗ್ ವಿಯೆಂಗ್, ಲುವಾಂಗ್ ಪ್ರಬಾಂಗ್, ವಾಪಸು. ಲುವಾಂಗ್ ಪ್ರಬಾಂಗ್ ಚೆಂದದ ಊರೇ, ಅನುಮಾನವಿಲ್ಲ. ಆದರೆ ಮುಂಜಾನೆ ಭಿಕ್ಷೆಗೆ ಹೊರಟ ಭಿಕ್ಷುಗಳ ಮುಖಕ್ಕೇ ಕ್ಯಾಮೆರಾ ಹಿಡಿಯುವವರ ಸಾಲು ಆಗಲೇ ಉದ್ದವಾಗಿದೆ.

ಅಲ್ಲಿಂದ ಬೆಟ್ಟದ ದಾರಿಯ ಬಸ್ಸು ಹಿಡಿದು ಫೋನ್ಸವಾನ್‌ಗೆ ಹೋಗಬೇಕು. ಊರು ನೋಡಲು ಏನೂ ಅಲ್ಲ: ಅಗಲ ರಸ್ತೆ, ಸಿಮೆಂಟು ಕಟ್ಟಡ. ಪ್ರಾಂತ್ಯದ ಹಳೆಯ ರಾಜಧಾನಿ ಮುವಾಂಗ್ ಖೂನ್ ಬಾಂಬಿಗೆ ನೆಲಸಮವಾದ್ದರಿಂದ ಬೆಳೆದ ಪಟ್ಟಣವಿದು. 1964ರಿಂದ 1973ರವರೆಗೆ ಅಮೆರಿಕ ಲಾವೋಸಿನ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಸಿಡಿಯದವು ಇಂದಿಗೂ ಗದ್ದೆಗಳಲ್ಲಿವೆ.

ಊರಾಚೆಯ ಕಲ್ಲು ಗುಡಾಣಗಳ ಬಯಲು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಸುಮಾರು ಎರಡು ಸಾವಿರ ವರ್ಷ ಹಳೆಯ, ಕೆಲವು ಆಳೆತ್ತರದ ಗುಡಾಣಗಳ ನಡುವೆಯೇ ಬಾಂಬಿನ ಗುಂಡಿಗಳಿವೆ. ನೆಲದಲ್ಲಿ ಹೂತ ಗುರುತುಗಳ ಬಿಳಿ ಬದಿಯಲ್ಲೇ ನಡೆಯಬೇಕು. ಕೆಂಪು ಬದಿಯ ಒಳಮಣ್ಣನ್ನು ಶೋಧಿಸಿಲ್ಲ.

ಹತ್ತಿರದ ನಾಪಿಯಾ ಹಳ್ಳಿಯವರು ಯುದ್ಧದ ಗುಜರಿಯ ಅಲ್ಯುಮಿನಿಯಂ ಕರಗಿಸಿ ಚಮಚ ಎರೆಯುತ್ತಾರೆ. ಕೊಳ್ಳುವ ಮುನ್ನ ಲೋಹ ಎಲ್ಲಿಯದೆಂದು ಕೇಳಿ. ಗುಜರಿಗಾಗಿ ನೆಲ ಅಗೆದು ಕೈ ಕಳೆದುಕೊಂಡವರು ಈ ಸೀಮೆಯಲ್ಲಿದ್ದಾರೆ.