ಓದುಗನ ಬಾಯಿಗೆ ಬೀಗವೇಕೆ?

ಸಮುದಾಯಕ್ಕೆ ಸ್ವಂತದ್ದೊಂದು ಮಾಧ್ಯಮ ಬೇಕೆಂಬ ಮಾತು ಕೇಳಿಬರದ ಮುಸ್ಲಿಮ್ ಸಮಾವೇಶವನ್ನು ನಾನಂತೂ ಕಂಡಿಲ್ಲ. ದೊಡ್ಡ ಪತ್ರಿಕೆಗಳು ನಮ್ಮ ವಿರುದ್ಧ ಮುಖಪುಟದಲ್ಲಿ ಬರೆಯುತ್ತವೆ, ನಾವು ಕಳುಹಿಸಿದ ಸ್ಪಷ್ಟೀಕರಣವನ್ನು ಒಳಪುಟದ ಮೂಲೆಯಲ್ಲೂ ಹಾಕುವುದಿಲ್ಲ ಎಂಬುದು ನಮ್ಮ ಭಾಷಣಕಾರರ ನಿತ್ಯದ ಅಳಲು. ಆ ಅಳಲು ಸುಳ್ಳಲ್ಲ. ಆದರೆ ಈ ಅನ್ಯಾಯವನ್ನು ಪ್ರತಿಭಟಿಸಲೆಂದೇ ಹುಟ್ಟಿಕೊಂಡ ನಮ್ಮವರ ಪತ್ರಿಕೆಗಳು ತಮ್ಮದೇ ಓದುಗನನ್ನು ಹೇಗೆ ನಡೆಸಿಕೊಳ್ಳುತ್ತಿವೆ?

ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮ ಊರಿನ ಮಸೀದಿಗೆ ಸೇರಿದ ಅಂಗಡಿ ಮಳಿಗೆಗಳ ಬಾಡಿಗೆಯ ಬಗ್ಗೆ ಒಂದೂವರೆ ಪುಟದ ಪತ್ರ ಬರೆದು ಸಮುದಾಯದ ಪತ್ರಿಕೆಯೊಂದಕ್ಕೆ ಕಳುಹಿಸಿದೆ. ಯಾರನ್ನೂ ಕಳ್ಳನೆಂದು ಕರೆದಿರಲಿಲ್ಲ. ರಸ್ತೆಯ ಆಚೆ ಬದಿಯ ಮಳಿಗೆಗಳಿಗೆ ಸಾವಿರಗಟ್ಟಲೆ ಬಾಡಿಗೆ ಇರುವಾಗ ಮಸೀದಿಯ ಮಳಿಗೆಗಳಿಗೆ ನೂರರ ಲೆಕ್ಕವೇಕೆ, ವಾರ್ಷಿಕ ಲೆಕ್ಕಪತ್ರವನ್ನು ಜಮಾಅತಿನ ಮುಂದೆ ಇಡದಿರುವುದೇಕೆ ಎಂದಷ್ಟೇ ಕೇಳಿದ್ದೆ. ಮುತವಲ್ಲಿಯು ಪ್ರತಿವರ್ಷ ವಕ್ಫ್ ಮಂಡಳಿಗೆ ಲೆಕ್ಕ ಒಪ್ಪಿಸಬೇಕೆಂದು 1995ರ ವಕ್ಫ್ ಕಾಯ್ದೆಯ 46ನೇ ಕಲಮೇ ಹೇಳುತ್ತದೆ. ಕಾನೂನು ಕೇಳುವುದನ್ನು ಓದುಗ ಕೇಳಿದರೆ ಅಪರಾಧವೇ? ಒಂದು ತಿಂಗಳಾದರೂ ಪತ್ರ ಅಚ್ಚಾಗಲಿಲ್ಲ. ಮತ್ತೊಮ್ಮೆ ಕಳುಹಿಸಿದೆ. ಆಗಲೂ ಮೌನ. ಕೊನೆಗೆ ನಾನೇ ದೂರವಾಣಿ ಮಾಡಿದಾಗ ಬಂದ ಉತ್ತರ: “ಭಾಯಿ, ನೀವು ಬರೆದದ್ದು ಸರಿ. ಆದರೆ ಸಮಯ ಸರಿಯಿಲ್ಲ.” ಮುಂದಿನ ವಾರ ಅದೇ ಪತ್ರಿಕೆಯಲ್ಲಿ ಮಸೀದಿ ಸಮಿತಿಯ ಅಧ್ಯಕ್ಷರಿಗೆ ಶಾಲು ಹೊದಿಸಿ ಸನ್ಮಾನಿಸುವ ಚಿತ್ರವಿತ್ತು. ಅದಕ್ಕೆ ಸಮಯ ಸರಿಯಿತ್ತು! ಓದುಗರ ವಿಭಾಗದಲ್ಲಿ ಎರಡು ಪತ್ರಗಳಿದ್ದವು. ಒಂದು ಸಂಪಾದಕೀಯವನ್ನು ಹೊಗಳಿದ್ದು, ಇನ್ನೊಂದು ಬೀದಿನಾಯಿಗಳ ಕಾಟದ ಕುರಿತು.

ಸಂಪಾದಕರ ಕಷ್ಟ ನನಗೆ ಅರ್ಥವಾಗದೇನಿಲ್ಲ. ಹೆಸರಿಲ್ಲದ ನಿಂದನೆ, ಹಗೆ ತೀರಿಸುವ ಬರಹ, ಕೇಳಿದ ಸುದ್ದಿ, ಇವನ್ನೆಲ್ಲ ತಿರಸ್ಕರಿಸಲೇಬೇಕು. ಬಂದ ಪತ್ರಗಳನ್ನೆಲ್ಲ ಪ್ರಕಟಿಸುವ ಬಾಧ್ಯತೆ ಸಂಪಾದಕನಿಗಿಲ್ಲವೆಂದು ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ಸೂತ್ರಗಳೂ ಒಪ್ಪುತ್ತವೆ. ಆದರೆ ಅವೇ ಸೂತ್ರಗಳು, ವಿವಾದದ ವಿಷಯದಲ್ಲಿ ಪ್ರಕಟವಾಗುವ ಪತ್ರಗಳು ಏಕಪಕ್ಷೀಯವಾಗದಂತೆ ಪ್ರಾಮಾಣಿಕವಾಗಿ ಶ್ರಮಿಸಬೇಕೆಂದೂ ಹೇಳುತ್ತವೆ. ಮೊದಲ ಮಾತು ನಮ್ಮ ಸಂಪಾದಕರಿಗೆ ಕಂಠಪಾಠವಾಗಿದೆ. ಎರಡನೆಯದನ್ನು ಅವರು ಓದಿದಂತಿಲ್ಲ.

‘ನಮ್ಮ ಹುಳುಕನ್ನು ನಾವೇ ಬರೆದರೆ ವಿರೋಧಿಗಳಿಗೆ ಆಯುಧ ಕೊಟ್ಟಂತೆ’ ಎಂಬ ವಾದವೊಂದಿದೆ. ಮೇಲ್ನೋಟಕ್ಕೆ ಇದು ಸಮುದಾಯದ ಮೇಲಿನ ಕಾಳಜಿಯಂತೆ ಕಾಣುತ್ತದೆ. ಆದರೆ ಒಳಗೆ ಕೇಳಲು ಬಿಡದ ಪ್ರಶ್ನೆ ಸಾಯುತ್ತದೆಯೇ? ಅದು ಹೊರಗೆ ಹೋಗಿ ಕೇಳಲ್ಪಡುತ್ತದೆ. ವಕ್ಫ್ ಆಸ್ತಿಯ ಅವ್ಯವಹಾರದ ಬಗ್ಗೆ ಜಮಾಅತಿನ ಸಾಮಾನ್ಯ ಸದಸ್ಯ ಬರೆದ ಪತ್ರಗಳು ಕಸದ ಬುಟ್ಟಿ ಸೇರಿದವು. 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿಯವರ ವರದಿ ಬಂದಾಗ ಅದೇ ವಿಷಯ ರಾಜಕೀಯ ಪಕ್ಷಗಳ ಕೈಯ ಚೆಂಡಾಯಿತು. ಆಗ ನಾವು ಪಿತೂರಿ ಎಂದು ಕೂಗಿದೆವು. ವರದಿಯ ಅಂಕಿಅಂಶಗಳ ಬಗ್ಗೆ ತಕರಾರು ಇರಬಹುದು. ಆದರೆ ನಮ್ಮ ಪತ್ರಿಕೆಗಳು ಅದಕ್ಕೆ ಮುಂಚೆ ಎಷ್ಟು ಓದುಗರಿಗೆ ಈ ಬಗ್ಗೆ ಮಾತನಾಡಲು ಬಿಟ್ಟಿದ್ದವು?

ಮಹಿಳೆಯರ ವಿಷಯದಲ್ಲಂತೂ ಇದು ಇನ್ನಷ್ಟು ನಾಚಿಕೆಗೇಡು. ಸಾರಾ ಅಬೂಬಕ್ಕರ್ ಅವರ ಮೊದಲ ಲೇಖನ 1981ರಲ್ಲಿ ಬೆಳಕು ಕಂಡದ್ದು ಲಂಕೇಶ್ ಪತ್ರಿಕೆಯಲ್ಲಿ. ತಲಾಖ್‌ನಿಂದ ಬದುಕು ಛಿದ್ರಗೊಂಡ ಯುವತಿಯ ಕಥೆಯಾದ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದೂ ಅಲ್ಲಿಯೇ. ಬಾನು ಮುಷ್ತಾಕ್ ವರದಿಗಾರ್ತಿಯಾಗಿ ದುಡಿದದ್ದೂ ಅದೇ ಪತ್ರಿಕೆಗೆ. ಮಹಿಳೆಯರ ಮಸೀದಿ ಪ್ರವೇಶದ ಬಗ್ಗೆ ಮಾತನಾಡಿದ್ದಕ್ಕೆ 2000ದಲ್ಲಿ ಅವರಿಗೆ ಬಹಿಷ್ಕಾರದ ಬಿಸಿ ಮುಟ್ಟಿಸಿದೆವು. 2025ರಲ್ಲಿ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ‘ನಮ್ಮ ಹೆಮ್ಮೆ’ ಎಂದೆವು. ಅವರ ವಿಚಾರಗಳನ್ನೆಲ್ಲ ಒಪ್ಪಬೇಕೆಂದಲ್ಲ. ಒಪ್ಪದಿರುವವರು ಉತ್ತರ ಬರೆಯಲಿ, ಅದೂ ಅಚ್ಚಾಗಲಿ. ಪತ್ರಿಕೆ ಇರುವುದೇ ಅದಕ್ಕೆ.

ಇದೇನೂ ಹೊಸ ಬೇಡಿಕೆಯಲ್ಲ. 1898ರಲ್ಲಿ ಲಾಹೋರಿನಲ್ಲಿ ಮುಹಮ್ಮದಿ ಬೇಗಮ್ ಮತ್ತು ಅವರ ಪತಿ ಸಯ್ಯಿದ್ ಮುಮ್ತಾಝ್ ಅಲಿ ‘ತಹ್ಝೀಬೆ ನಿಸ್ವಾನ್’ ಎಂಬ ಉರ್ದು ವಾರಪತ್ರಿಕೆ ಆರಂಭಿಸಿದರು. ಮುಮ್ತಾಝ್ ಅಲಿ ದೇವಬಂದ್‌ನಲ್ಲಿ ಓದಿದವರು. ಮೊದಮೊದಲು ಅವರು ಕಳುಹಿಸಿದ ಪ್ರತಿಗಳು ಬೈಗುಳ ಹೊತ್ತು ಮರಳಿ ಬಂದವು. ಅವರು ಎದೆಗುಂದಲಿಲ್ಲ. ಮನೆಯಿಂದ ಹೊರಗೆ ಕಾಲಿಡದ ಮಹಿಳೆಯರು ತಮ್ಮ ಹೆಸರು ಮರೆಸಿ, ಇಂಥವರ ಮಗಳು, ಇಂಥವರ ಪತ್ನಿ ಎಂದು ಸಹಿ ಹಾಕಿ ಬರೆದರು. ಮದುವೆಯ ದುಂದುವೆಚ್ಚ, ಹೆಣ್ಣುಮಕ್ಕಳ ಶಿಕ್ಷಣ, ಬಹುಪತ್ನಿತ್ವ, ಎಲ್ಲದರ ಬಗ್ಗೆಯೂ ವಾದಿಸಿದರು. ಸುಮಾರು ಅರ್ಧ ಶತಮಾನ ನಡೆದ ಆ ಪತ್ರಿಕೆಗೆ ಜೀವ ತುಂಬಿದ್ದು ಓದುಗರ ಈ ಪತ್ರಗಳೇ. ಅಂದು ಲಾಹೋರಿನಲ್ಲಿ ಇದ್ದ ಧೈರ್ಯ ಇಂದು ನಮ್ಮ ಪಟ್ಟಣಗಳಲ್ಲಿ ಇಲ್ಲವೇ?

ಇನ್ನೂ ಹಿಂದಕ್ಕೆ ಹೋಗೋಣ. ಪತಿ ‘ಝಿಹಾರ್’ ಹೇಳಿ ತನ್ನನ್ನು ದೂರ ಮಾಡಿದಾಗ ಖೌಲಾ ಬಿನ್ತ್ ಸಅಲಬಾ(ರ) ಪ್ರವಾದಿವರ್ಯರ(ಸ) ಬಳಿ ಬಂದು ವಾದಿಸಿದರು. ಮಾತು ಮುಗಿಯಿತೆಂದು ಎದ್ದು ಹೋಗಲಿಲ್ಲ, ಮತ್ತೆ ಮತ್ತೆ ದೂರಿಕೊಂಡರು. ಆ ವಾದವನ್ನು ಅಲ್ಲಾಹನು ಆಲಿಸಿದನೆಂದು ಸಾರುವ ಅಧ್ಯಾಯಕ್ಕೆ ‘ಅಲ್ ಮುಜಾದಲ’ ಎಂಬ ಹೆಸರೇ ಬಿತ್ತು. ಈ ಅಧ್ಯಾಯವನ್ನು ಓದುವ ಸಮುದಾಯದ ಪತ್ರಿಕಾ ಕಚೇರಿಗಳಲ್ಲಿ ದೂರಿನ ಪತ್ರವನ್ನು ತೆರೆಯುವ ಮುನ್ನ ಬರೆದವನು ಯಾರ ಕಡೆಯವನೆಂದು ನೋಡಲಾಗುತ್ತದೆ!

ನನ್ನ ಬೇಡಿಕೆ ಬಹಳ ದೊಡ್ಡದೇನಲ್ಲ. ತಿರಸ್ಕರಿಸಿದರೆ ಕಾರಣವನ್ನು ಒಂದು ಸಾಲಿನಲ್ಲಿ ತಿಳಿಸಿ. ಉದ್ದವಾಯಿತೆಂದರೆ ಮೊಟಕುಗೊಳಿಸುತ್ತೇವೆ, ಆಧಾರ ಸಾಲದೆಂದರೆ ಒದಗಿಸುತ್ತೇವೆ. ಮಸೀದಿ ಸಮಿತಿಯವರ ವಿವರಣೆಯನ್ನು ಪಡೆದು ಪಕ್ಕದಲ್ಲೇ ಹಾಕಿ, ನಮಗೆ ಸಂತೋಷವೇ. ವರ್ಷವರ್ಷವೂ ಚಂದಾ ಪಡೆಯುವಾಗ ನಾವು ‘ಗೌರವಾನ್ವಿತ ಓದುಗ ಬಂಧು’ಗಳು. ಆ ಬಂಧು ಬಾಯಿ ತೆರೆದಾಗ ಮಾತ್ರ ಫಿತ್ನಾಕೋರನಾಗುವುದು ಹೇಗೆ?

ಮಳಿಗೆಗಳ ಪತ್ರವನ್ನು ಮೂರನೆಯ ಬಾರಿ ನಕಲು ಮಾಡಿಟ್ಟಿದ್ದೇನೆ. ಈ ಬಾರಿ ಬಾಡಿಗೆ ರಶೀದಿಗಳ ಪ್ರತಿಗಳೂ ಜೊತೆಗಿವೆ. ಮೊದಲು ನಮ್ಮವರ ಪತ್ರಿಕೆಗೇ ಕಳುಹಿಸುತ್ತೇನೆ.