ಹುಂಜ ಕೂಗದ ಬೆಳಗು

ಮನೆಯಲ್ಲಿ ಹುಂಜ ಸಾಕಿದವರಿಗೆ ಒಂದು ಅನುಕೂಲವಿದೆ ಮಕ್ಕಳೇ. ಅದಕ್ಕೆ ಮೈ ಸರಿಯಿಲ್ಲದಿದ್ದರೆ ಬೆಳಗಿನ ಜಾವದಲ್ಲೇ ಗೊತ್ತಾಗುತ್ತದೆ. ಕೂಗುವುದಿಲ್ಲ, ಅಷ್ಟೆ. ಹೇಂಟೆಯದು ಹಾಗಲ್ಲ. ಅದು ಎರಡು ದಿನ ಮೊಟ್ಟೆ ಇಡದಿದ್ದರೂ ‘ಎಲ್ಲೋ ಪೊದೆಯಲ್ಲಿ ಇಟ್ಟಿರಬೇಕು’ ಎಂದು ನಾವು ಸುಮ್ಮನಿರುತ್ತೇವೆ.

ಆದರೆ ಕೂಗು ಇಂದು ನಿಂತಿತು ಎಂದರೆ ಕಾಯಿಲೆ ಇಂದೇ ಬಂತು ಎಂದಲ್ಲ. ಕೋಳಿ ತನ್ನ ನೋವನ್ನು ಮುಚ್ಚಿಡುವ ಜೀವ. ಸೋತ ಕೋಳಿಯನ್ನು ಜೊತೆಯವೇ ಕುಕ್ಕುತ್ತವೆ. ಮುಂಗುಸಿ ಹೊಂಚು ಹಾಕುವುದೂ ಅದಕ್ಕೇ. ಆದ್ದರಿಂದ ಆಗುವಷ್ಟು ದಿನ ಅದು ಏನೂ ಆಗಿಲ್ಲದಂತೆ ಓಡಾಡಿಕೊಂಡಿರುತ್ತದೆ. ಗರಿ ಉಬ್ಬಿಸಿ, ಕತ್ತು ಒಳಗೆಳೆದುಕೊಂಡು, ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತಿತೆಂದರೆ, ಎರಡು ಮೂರು ದಿನದ ಸಾಲ ಆಗಲೇ ಮೇಲೇರಿದೆ ಎಂದು ತಿಳಿಯಬೇಕು.

ನಮ್ಮ ಮಡಿಕೇರಿಯಲ್ಲಿ ಇದು ಹೆಚ್ಚಾಗಿ ಆಗುವುದು ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅಂಗಳ ಒಣಗುವುದು ಕಷ್ಟ. ಗೂಡಿನ ನೆಲ ಒದ್ದೆ, ಕಾಳಿನ ಚೀಲಕ್ಕೆ ಬೂಷ್ಟು, ಮಣ್ಣಿನಲ್ಲಿ ಹೊರಳೋಣವೆಂದರೆ ಎಲ್ಲೆಲ್ಲೂ ಕೆಸರು. ಅದೇ ಹೊತ್ತಿಗೆ ಕಕ್ಕಡ ಮಾಸವೂ ಬರುತ್ತದೆ. ಮೈ ಬೆಚ್ಚಗಿರಲೆಂದು ಕೊಡಗಿನವರು ನಾಟಿಕೋಳಿ ಸಾರು ಮಾಡುವ ಕಾಲ ಅದು. ಹಾಗಾಗಿ ಕಕ್ಕಡದಲ್ಲಿ ಹುಂಜ ಮಂಕಾದರೆ ನೋಡಲು ಬಂದವರು ಕೊಡುವ ಮೊದಲ ಸಲಹೆ ಔಷಧದ್ದಲ್ಲ, ಒಗ್ಗರಣೆಯದ್ದು!

ಕಳೆದ ವರ್ಷ ನಮ್ಮ ಕೆಂಚನಿಗೂ ಹಾಗೇ ಆಯಿತು. ಕೆಂಚ ಎಂದರೆ ನನ್ನ ಮೊಮ್ಮಗಳು ಮರಿಯಿಂದ ಸಾಕಿದ ಕೆಂಪು ಹುಂಜ. ಜುಲೈ ತಿಂಗಳ ಒಂದು ಬೆಳಿಗ್ಗೆ ಅದು ಕೂಗಲಿಲ್ಲ, ಗೂಡಿನಿಂದ ಇಳಿಯಲೂ ಇಲ್ಲ. ಹತ್ತು ಗಂಟೆಯೊಳಗೆ ನಾಲ್ಕು ಮದ್ದು ಸಿದ್ಧವಾದವು. ಒಬ್ಬರು ಬೆಳ್ಳುಳ್ಳಿ ಎಂದರು, ಒಬ್ಬರು ಕರಿಮೆಣಸು ಎಂದರು. ಒಬ್ಬರು ಮನೆಯಲ್ಲಿ ಉಳಿದಿದ್ದ ಜ್ವರದ ಮಾತ್ರೆಯನ್ನೇ ತಂದರು. ನಾಲ್ಕನೆಯವರದ್ದು ಸಾರು. ಮೊಮ್ಮಗಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅಜ್ಜ, ಅದು ಸಾಯ್ತದಾ?”

“ಗೊತ್ತಿಲ್ಲ ಮಗಾ. ಮೊದಲು ನೋಡುವ. ನೋಡದೆ ಏನೂ ಕೊಡುವುದು ಬೇಡ.”

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಪಶುವೈದ್ಯನಲ್ಲ. ಆದರೆ ಸಂಜೆ ಲೆಕ್ಕ ಕೂಡದಿದ್ದರೆ ಏನು ಮಾಡಬೇಕೆಂದು ಬ್ಯಾಂಕು ಕಲಿಸಿದೆ. ವ್ಯತ್ಯಾಸ ಹತ್ತು ಪೈಸೆಯದ್ದಾದರೂ ಊಹೆಯಿಂದ ಸರಿಪಡಿಸುವಂತಿಲ್ಲ. ಮೊದಲ ವೋಚರಿನಿಂದ ಒಂದೊಂದನ್ನೇ ನೋಡಿಕೊಂಡು ಬರಬೇಕು. ಕೋಳಿಯನ್ನೂ ಹಾಗೆಯೇ ಜುಟ್ಟಿನಿಂದ ಪಾದದವರೆಗೆ ನೋಡಬೇಕು. ಮೊಮ್ಮಗಳು ಶಾಲೆಯ ಹಳೆಯ ಪುಸ್ತಕದಲ್ಲಿ ಏಳು ಸಾಲು ಗೆರೆ ಎಳೆದಳು. ನಾನು ಹುಂಜವನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. ನೀವೂ ಹೀಗೆ ಮಾಡಬಹುದು.

ಒಂದು, ಜುಟ್ಟು ಮತ್ತು ಕಣ್ಣು. ಜುಟ್ಟು ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ. ಹೊಟ್ಟೆಯಲ್ಲಿ ಜಂತು ಅಥವಾ ಮೈಮೇಲೆ ರಕ್ತ ಹೀರುವ ಹುಳು ಇರಬಹುದು. ನೀಲಿಗಟ್ಟಿದ್ದರೆ ಉಸಿರಾಟದಲ್ಲೋ ರಕ್ತದ ಓಟದಲ್ಲೋ ತೊಂದರೆ. ಜುಟ್ಟಿನ ಮೇಲೆ ಕಪ್ಪು ಹಕ್ಕಳೆಯಂಥ ಗಂಟುಗಳಿದ್ದರೆ ಕೋಳಿ ಸಿಡುಬು. ಅದನ್ನು ಸೊಳ್ಳೆಗಳು ಹರಡುತ್ತವೆ.

ಎರಡು, ಉಸಿರು. ಬಾಯಿ ತೆರೆದು ಉಸಿರಾಡುತ್ತದೆಯೇ, ಗೊರಗೊರ ಸದ್ದಿದೆಯೇ, ಮೂಗಿನಲ್ಲಿ ನೀರಿದೆಯೇ ನೋಡಿ. ಕೈಗೆ ಮೈ ಬಿಸಿಯಾಗಿ ತಾಗಿತೆಂದು ಜ್ವರ ಎನ್ನಬೇಡಿ. ಆರೋಗ್ಯವಂತ ಕೋಳಿಯ ಮೈ ಶಾಖವೇ 41ರಿಂದ 42 ಡಿಗ್ರಿ ಸೆಲ್ಸಿಯಸ್. ನಮಗೆ ಅಷ್ಟಿದ್ದರೆ ಆಸ್ಪತ್ರೆಗೆ ಓಡಬೇಕು!

ಮೂರು, ಕಾಳುಚೀಲ. ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕತ್ತಿನ ಬುಡದಲ್ಲಿರುವ ಒಂದು ಚೀಲದಲ್ಲಿ ಕೂರುತ್ತದೆ. ಸಂಜೆ ಅದು ತುಂಬಿರಬೇಕು, ಬೆಳಿಗ್ಗೆ ಮೇವು ಹಾಕುವ ಮೊದಲು ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಉದ್ದ ಹುಲ್ಲೋ ದಾರವೋ ಸಿಕ್ಕಿಕೊಂಡಿರಬಹುದು. ನೀರು ತುಂಬಿದ ಬಲೂನಿನಂತಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಕೊಳೆಯುತ್ತಿದೆ ಎಂದರ್ಥ. ಹಾಗೆಂದು ಕೋಳಿಯನ್ನು ತಲೆಕೆಳಗೆ ಹಿಡಿದು ಕಕ್ಕಿಸಬೇಡಿ. ಕಕ್ಕಿದ್ದು ಶ್ವಾಸನಾಳಕ್ಕೆ ಹೋದರೆ ಆ ಕ್ಷಣವೇ ಸಾಯಬಹುದು.

ನಾಲ್ಕು, ಎದೆಮೂಳೆ. ಗರಿಯೊಳಗೆ ಕೋಳಿ ದಪ್ಪಗಿದೆಯೋ ಸಣ್ಣಗಿದೆಯೋ ಕಣ್ಣಿಗೆ ತಿಳಿಯದು. ಎದೆಯ ನಡುವೆ ಬೆರಳಾಡಿಸಿ. ಮೂಳೆ ಕತ್ತಿಯಂತೆ ಚೂಪಾಗಿ ತಾಗಿದರೆ ಕಾಯಿಲೆ ಹಳೆಯದು. ಇಕ್ಕೆಲದಲ್ಲೂ ಮಾಂಸವಿದ್ದರೆ ಹೊಸದು.

ಐದು, ಹಿಕ್ಕೆ. ಕಂದು ಹಿಕ್ಕೆಯ ಮೇಲೆ ಬಿಳಿ ಟೊಪ್ಪಿ ಇದ್ದರೆ ಸರಿ. ಆ ಬಿಳಿಯೇ ಕೋಳಿಯ ಮೂತ್ರ. ದಿನದಲ್ಲಿ ಕೆಲವು ಸಲ ಕಪ್ಪಗೆ, ಅಂಟಂಟಾಗಿ, ನಾತ ಹೊಡೆಯುವಂತೆ ಹಾಕುವುದೂ ಸಹಜವೇ. ಹಸಿರು ನೀರಿನಂತಿದ್ದರೆ ಮೇವು ಬಿಟ್ಟಿದೆ ಎಂದೋ ದೊಡ್ಡ ಕಾಯಿಲೆ ಎಂದೋ ಅನುಮಾನಿಸಬೇಕು. ರಕ್ತ ಕಂಡರೆ, ಅದರಲ್ಲೂ ಮರಿಗಳಲ್ಲಿ, ತಡ ಮಾಡದೆ ವೈದ್ಯರಿಗೆ ತೋರಿಸಿ.

ಆರು, ರೆಕ್ಕೆಯ ಅಡಿ ಮತ್ತು ಬಾಲದ ಬುಡ. ಹೇನು ಅಲ್ಲಿರುತ್ತದೆ. ರಕ್ತ ಹೀರುವ ಸಣ್ಣ ಕೆಂಪು ಹುಳು ಮಾತ್ರ ಹಗಲು ಗೂಡಿನ ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ಬರುತ್ತದೆ. ಅದನ್ನು ರಾತ್ರಿ ಟಾರ್ಚ್ ಹಿಡಿದೇ ಹುಡುಕಬೇಕು.

ಏಳು, ಕಾಲು. ಕೆಂಚನ ಲೆಕ್ಕ ತಪ್ಪಿದ್ದು ಇಲ್ಲೇ. ಮೇಲಿನ ಆರು ಸಾಲಿನಲ್ಲೂ ಮೊಮ್ಮಗಳು ‘ಸರಿ’ ಎಂದು ಬರೆದಿದ್ದಳು. ಬಲಗಾಲಿನ ಪಾದ ತಿರುಗಿಸಿ ನೋಡಿದರೆ ನೆಲ್ಲಿಕಾಯಿಯಷ್ಟು ಬಾವು, ನಡುವೆ ಕಪ್ಪು ಹಕ್ಕಳೆ. ಭಾರದ ಹುಂಜ, ಎತ್ತರದ ಕೋಲಿನಿಂದ ದಿನಾ ಗಟ್ಟಿ ನೆಲಕ್ಕೆ ಧುಮುಕುತ್ತಿತ್ತು. ಮಳೆಗೆ ಪಾದದ ಚರ್ಮ ನೆನೆದು ಮೆತ್ತಗಾಗಿತ್ತು. ಎಲ್ಲೋ ಸಣ್ಣ ಗಾಯವಾಗಿ ಕೆಸರಿನ ಸೋಂಕು ಒಳಗೆ ಸೇರಿತ್ತು. ಬೆಳ್ಳುಳ್ಳಿ, ಮೆಣಸು, ಜ್ವರದ ಮಾತ್ರೆ ಯಾವುದು ಕೊಟ್ಟರೂ ಆ ಪಾದಕ್ಕೆ ಏನಾಗುತ್ತಿತ್ತು ಹೇಳಿ!

ಮನೆಯಲ್ಲಿ ನಾವು ಮಾಡಿದ್ದಿಷ್ಟು. ದೊಡ್ಡ ಬುಟ್ಟಿಯಲ್ಲಿ ಒಣಗಿದ ಭತ್ತದ ಹೊಟ್ಟು ಹಾಸಿ, ಗಾಳಿ ಬೀಸದ ಮೂಲೆಯಲ್ಲಿ ಅದನ್ನು ಬೇರೆ ಇಟ್ಟೆವು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಮುಂದಿಟ್ಟೆವು. ತಾನಾಗಿ ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಬೇಕು. ಬಾಯಿ ಬಿಡಿಸಿ ಸುರಿಯಬಾರದು. ನಾಲಿಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ ಇದೆ. ಪಾದವನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇರಿಸಿ ಒರೆಸಿದೆವು.

ಬಾವನ್ನು ಹಿಚುಕಲು ಹೋಗಲಿಲ್ಲ. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಪನೀರಿನಂತೆ ಗಟ್ಟಿಯಾಗಿ ಒಳಗೇ ಕೂರುತ್ತದೆ. ಹಿಚುಕಿದರೆ ಸೋಂಕು ಇನ್ನೂ ಆಳಕ್ಕಿಳಿಯುತ್ತದೆ. ಮರುದಿನ ಸರಕಾರಿ ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಅದನ್ನು ಬಿಡಿಸಿ ತೆಗೆದು, ಪಟ್ಟಿ ಕಟ್ಟಿ, ಹುಂಜದ ತೂಕ ನೋಡಿ ಔಷಧ ಬರೆದರು. ಮೂರು ವಾರ ಹಿಡಿಯಿತು. ಕೂರುವ ಕೋಲನ್ನು ಈಗ ಒಂದೂವರೆ ಅಡಿಗೆ ಇಳಿಸಿದ್ದೇವೆ.

ಬೇರೆ ಇಡುವುದು ಎಂದೆನಲ್ಲ, ಅದಕ್ಕೆ ಮೊಮ್ಮಗಳು ಅತ್ತಿದ್ದಳು. ಒಂಟಿಯಾಗಿ ಹೆದರುತ್ತದೆ ಎಂಬುದು ಅವಳ ದುಃಖ. ಆದರೆ ಕೆಂಚ ದಿನಾ ಬೇಲಿ ನುಸುಳಿ ಪಕ್ಕದ ಮನೆಯ ಅಕ್ಕನ ಹೇಂಟೆಗಳ ಜೊತೆ ಮೇಯುತ್ತಿತ್ತು. ಮೊಟ್ಟೆ ಮಾರಿದ ದುಡ್ಡಿನಲ್ಲೇ ಆ ಅಕ್ಕನ ಹಾಲಿನ ಲೆಕ್ಕ ತೀರಬೇಕು. ಕಾಯಿಲೆ ಏನೆಂದು ತಿಳಿಯುವ ಮೊದಲು ಬೇರೆ ಇಡುವುದು ನಮ್ಮ ಹುಂಜಕ್ಕಾಗಿ ಮಾತ್ರವಲ್ಲ, ಅಕ್ಕನ ಗೂಡಿಗಾಗಿಯೂ ಹೌದು ಎಂದು ಹೇಳಿದ ಮೇಲೆ ಅವಳೇ ಬುಟ್ಟಿ ತಂದಳು.

ಏಕೆಂದರೆ ಅದು ಕಾಲಿನ ಬಾವು ಆಗಿರದೆ ಕೊಕ್ಕರೆ ರೋಗವೂ ಆಗಿರಬಹುದಿತ್ತು. ಇದನ್ನೇ ರಾಣಿಖೇತ್ ರೋಗ ಎನ್ನುವುದು. ಇಂದಿನ ಉತ್ತರಾಖಂಡದ ರಾಣಿಖೇತ್ ಎಂಬ ಬೆಟ್ಟದ ಊರಿನಿಂದ ಆ ಹೆಸರು ಬಂತು. ಉಸಿರಿನ ತೊಂದರೆ, ಹಸಿರು ಭೇದಿ, ಕೊನೆಗೆ ಕತ್ತು ತಿರುಚಿಕೊಳ್ಳುವುದು ಇದರ ಗುರುತು. ವೈರಸ್ ಕಾಯಿಲೆಯಾದ್ದರಿಂದ ಬಂದ ಮೇಲೆ ಮದ್ದಿಲ್ಲ. ಬಾರದಂತೆ ಲಸಿಕೆ ಇದೆ. ಮರಿಗೆ ಒಂದು ವಾರದೊಳಗೆ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಹೊತ್ತಿಗೆ ಚುಚ್ಚುಮದ್ದು. ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಸತ್ತರೆ ಮುಟ್ಟದೆ, ಮಾರದೆ, ಕೊಯ್ಯದೆ ಇಲಾಖೆಗೆ ತಿಳಿಸಿ. 2012ರಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡದ್ದು ಸರಕಾರಿ ಕೋಳಿ ಕೇಂದ್ರದಲ್ಲೇ.

ಏಳು ಸಾಲಿನ ಕೆಳಗೆ ಇನ್ನೊಂದು ಪ್ರಶ್ನೆ ಬರೆದುಕೊಳ್ಳಿ: ‘ಇತ್ತೀಚೆಗೆ ಏನು ಬದಲಾಯಿತು?’ ಈ ಪ್ರಶ್ನೆಯ ಬೆಲೆ ಎಷ್ಟೆಂದು ಒಂದು ಕಥೆ ಹೇಳುತ್ತೇನೆ. ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿ ಕಾಯಿಲೆಗೆ ಕಾರಣವಾದ ರೋಗಾಣುವನ್ನು ಹುಡುಕುತ್ತಿದ್ದ. 1890ರ ಆಸುಪಾಸಿನ ಮಾತು. ಅವನ ಕೋಳಿಗಳ ಕಾಲು ಸೋತು ಬಿದ್ದವು. ವಿಚಿತ್ರವೆಂದರೆ ಏನೂ ಚುಚ್ಚದೆ ಬಿಟ್ಟ ಕೋಳಿಗಳೂ ಬಿದ್ದವು. ಕೆಲವು ತಿಂಗಳ ನಂತರ ಉಳಿದವು ತಾವಾಗಿ ಎದ್ದವು. ವಿಚಾರಿಸಿದರೆ, ನಡುವೆ ಅವುಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯ ಪಾಲಿಶ್ ಅಕ್ಕಿ ಅನ್ನ ಹಾಕುತ್ತಿದ್ದರು. ಹೊಸ ಅಡುಗೆಯವನು ‘ಮಿಲಿಟರಿ ಅನ್ನ ಈ ಕೋಳಿಗಳಿಗೆ ಕೊಡುವುದಿಲ್ಲ’ ಎಂದು ನಿಲ್ಲಿಸಿದ್ದ. ಅಕ್ಕಿಯ ತೌಡಿನಲ್ಲಿ ಏನೋ ಇದೆ ಎಂಬ ಸುಳಿವು ಸಿಕ್ಕಿದ್ದು ಹೀಗೆ. ಅದೇ ಮುಂದೆ ಬಿ1 ವಿಟಮಿನ್ ಎನಿಸಿತು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ಇನ್ನು ಮಾಡಬಾರದ್ದು. ಮನುಷ್ಯರಿಗೆ ತಂದು ಉಳಿದ ಮಾತ್ರೆ ಕೊಡಬೇಡಿ. ಹೇನಿಗೆಂದು ಕಾಫಿ ತೋಟದ ಕೀಟನಾಶಕ ಹಚ್ಚಬೇಡಿ. ಸೂರಿನಡಿ ಒಂದು ಪೆಟ್ಟಿಗೆಯಲ್ಲಿ ಒಣ ಬೂದಿ ಮತ್ತು ಮರಳು ಇಟ್ಟರೆ ಕೋಳಿ ತಾನೇ ಹೊರಳಿ ಹೇನು ಕಡಿಮೆ ಮಾಡಿಕೊಳ್ಳುತ್ತದೆ. ಬೂಷ್ಟು ಹಿಡಿದ ಕಾಳು ಎಸೆಯಿರಿ. ಕಾಯಿಲೆ ಬಿದ್ದ ಕೋಳಿಯನ್ನು ಸಾರಿಗೆ ಹಾಕಬೇಡಿ. ಔಷಧ ಕೊಟ್ಟಿದ್ದರೆ ಎಷ್ಟು ದಿನ ಮಾಂಸ, ಮೊಟ್ಟೆ ತಿನ್ನಬಾರದೆಂದು ಡಾಕ್ಟರನ್ನೇ ಕೇಳಿ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

ಇಷ್ಟೆಲ್ಲ ಮಾಡಿದರೂ ಕೆಲವು ಕೋಳಿಗಳು ಉಳಿಯುವುದಿಲ್ಲ. ಆಗ ದೊಡ್ಡವರು ಮಕ್ಕಳಿಗೆ ‘ಎಲ್ಲೋ ಹಾರಿಹೋಯಿತು’ ಎನ್ನದಿರಲಿ. ನಿಜ ಹೇಳಿ, ನಾಯಿ ಕೆದಕದಷ್ಟು ಆಳಕ್ಕೆ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಆ ಏಳು ಸಾಲಿನ ಪುಸ್ತಕವನ್ನು ಮಾತ್ರ ಎಸೆಯಬೇಡಿ. ಉಳಿದ ಕೋಳಿಗಳನ್ನು ನೋಡಲು ಬರುವ ಡಾಕ್ಟರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಅದರಲ್ಲೇ ಇರುತ್ತದೆ.